ವೀರಗಲ್ಲಿನಲ್ಲಿ ಹೆತ್ತವರಿಗೆ ಸ್ಥಳವಿಲ್ಲದಿರುವ ಬಗ್ಗೆ

ಮಾನ್ಯ ಓದುಗರಲ್ಲಿ ಸವಿನಯ ವಿಜ್ಞಾಪನೆ.

ಈ ಬರಹದಲ್ಲಿ ಒತ್ತಕ್ಷರ ಮತ್ತು ದೀರ್ಘಗಳ ದೋಷ ಇರಬಹುದೆಂದೂ, ನನ್ನ ಕೈಬರಹ ದುಂಡಾಗಿಲ್ಲವೆಂದೂ ಬಲ್ಲೆನು. ಅದಕ್ಕಾಗಿ ಮೊದಲಿಗೇ ಕ್ಷಮೆ ಕೋರುತ್ತೇನೆ. ರಜೆ ಅರ್ಜಿಯ ಹೊರತು ಬೇರೇನನ್ನೂ ನಾನು ಸ್ವಂತವಾಗಿ ಬರೆದವನಲ್ಲ. ಮೈಸೂರಿನ ಒಂದು ವಸ್ತುಸಂಗ್ರಹಾಲಯದಲ್ಲಿ ಕಲ್ಲುಗಳ ಹಜಾರವನ್ನು ಕಾಯುವುದು ನನ್ನ ಕೆಲಸ. ಕಡತಗಳನ್ನು ಮೇಜಿನಿಂದ ಮೇಜಿಗೆ ಒಯ್ಯುವಾಗ ಕಣ್ಣಾಡಿಸಿದ ಕಚೇರಿ ಪತ್ರಗಳೇ ನನಗೆ ತಿಳಿದಿರುವ ಬರವಣಿಗೆ. ಸಂಕಟವನ್ನು ಆ ಧಾಟಿಯಲ್ಲಿ ನಿವೇದಿಸಬಹುದೋ ಬಾರದೋ ತಿಳಿಯದು. ಬೇರೆ ಧಾಟಿ ನನಗೆ ಬಾರದು.

ವಿಷಯವೇನೆಂದರೆ, ನನ್ನ ಒಬ್ಬನೇ ಮಗನು ಸೇನೆಗೆ ಸೇರುವುದನ್ನು ತಡೆಯಲು ನಾನು ಕೈಗೊಂಡ ಕ್ರಮ ಮತ್ತು ಅದರ ಪರಿಣಾಮ.

ನಮ್ಮ ಮನೆ ಕುಂಬಾರಕೊಪ್ಪಲಿನಲ್ಲಿದೆ. ಮಗ ಪಿಯುಸಿ ಮುಗಿಸಿದ ಮೇಲೆ ನಸುಕಿನಲ್ಲೇ ಎದ್ದು ಓಡಲು ಹೋಗುತ್ತಿದ್ದ. ಮೈ ಗಟ್ಟಿಯಾಗಲೆಂದು ಓಡುತ್ತಾನೆ ಎಂದೇ ನಾನು ಭಾವಿಸಿದ್ದೆ. ಒಂದು ದಿನ ಊಟಕ್ಕೆ ಕೂತಾಗ, ಓಟದಲ್ಲೂ ಪರೀಕ್ಷೆಯಲ್ಲೂ ವೈದ್ಯರ ತಪಾಸಣೆಯಲ್ಲೂ ತೇರ್ಗಡೆಯಾಗಿರುವುದಾಗಿ ತಿಳಿಸಿದ. ಹಾಜರಾಗಲು ಆದೇಶ ಬರುವುದಷ್ಟೇ ಬಾಕಿ. ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ನನ್ನ ಹೆಂಡತಿ ಮಾತ್ರ ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು.

"ಬೇಡ ಅನ್ನು," ಎಂದೆ ಅವಳಿಗೆ, ಅವನು ಕೈ ತೊಳೆಯಲು ಎದ್ದಾಗ.

"ಯಾಕ್ರೀ, ಅವ್ನೇನು ಕಳ್ತನಕ್ಕೋಯ್ತಾವ್ನಾ? ಹೋಗ್ಲಿ ಬುಡಿ. ನಿಮ್ ಭಯಾನ ಅವನ ಬ್ಯಾಗಿಗೆ ತುಂಬಬ್ಯಾಡಿ."

ಭಯವಿತ್ತು ಎಂಬುದನ್ನು ನಾನು ನಿರಾಕರಿಸುವುದಿಲ್ಲ. ದಿನವೂ ನಾನು ನೋಡುವುದು ಸತ್ತ ಹುಡುಗರ ಕಲ್ಲುಗಳನ್ನೇ. ನಮ್ಮ ಹಜಾರದ ಒಂದು ಗೋಡೆಗೆ ಪರದೇಶಗಳ ಹಳೆಯ ರಾಜ್ಯಗಳ ದೊಡ್ಡ ಚಿತ್ರಪಟಗಳನ್ನು ತೂಗುಹಾಕಿದ್ದಾರೆ. ಈಜಿಪ್ಟಿನ ಅರಸನೊಬ್ಬ ಶತ್ರುಗಳ ಜುಟ್ಟನ್ನೆಲ್ಲ ಒಂದೇ ಮುಷ್ಟಿಯಲ್ಲಿ ಹಿಡಿದು ಗದೆ ಎತ್ತಿದ್ದಾನೆ. ಅವನ ಸ್ವಂತ ಸೈನಿಕರೇ ಅವನ ಮೊಣಕಾಲಿಗೂ ಬರುವುದಿಲ್ಲ. ಪಕ್ಕದಲ್ಲಿ ಅಸ್ಸೀರಿಯಾದ ಅರಮನೆಯ ಗೋಡೆ. ಕೋಟೆಗೆ ಲಗ್ಗೆ ಹಾಕುವ ಬಿಲ್ಲಾಳುಗಳು ಸಾಲಾಗಿ ನಿಂತಿದ್ದಾರೆ, ಎಲ್ಲರದೂ ಒಂದೇ ಮುಖ. ಎದುರು ಬದಿಗೆ ನಮ್ಮ ನಾಡಿನ ವೀರಗಲ್ಲುಗಳು. ಅರಸನ ಬಲವನ್ನು ಮೊದಲು ಕತ್ತಿ ಹೇಳುತ್ತದೆ, ಆಮೇಲೆ ಕಟ್ಟಡ ಹೇಳುತ್ತದೆ, ಕೊನೆಗೆ ಕವಿಗಳು ಹೇಳುತ್ತಾರೆ ಎಂದು ಗೈಡುಗಳು ಜನರಿಗೆ ವಿವರಿಸುತ್ತಾರೆ. ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ.

ನನ್ನ ಮಾತಿಗೆ ಮಗ ಬಗ್ಗುವವನಲ್ಲ. ಕಲ್ಲಿನ ಮಾತನ್ನಾದರೂ ಕೇಳಿಯಾನು ಎಂಬ ಆಸೆಯಿಂದ, ಆದೇಶ ಬರುವ ಮೊದಲೇ ಅವನನ್ನು ಹಜಾರಕ್ಕೆ ಕರೆದೊಯ್ದೆನು.

ಮೊದಲು ಬಿಲ್ಲಾಳುಗಳ ಮುಂದೆ ನಿಲ್ಲಿಸಿದೆ. "ನೋಡು, ಇಷ್ಟು ಜನದಲ್ಲಿ ಒಬ್ಬನಿಗಾದ್ರೂ ಬೇರೆ ಮುಖ ಅದಾ? ಎಲ್ಲಾ ಒಂದೇ ಅಚ್ಚು. ಅರಸನ ಕಣ್ಣಿಗೆ ಸಿಪಾಯಿ ಅಂದ್ರೆ ಇಷ್ಟೇಯ."

"ಸಿಟಿ ಬಸ್ ಸ್ಟ್ಯಾಂಡಲ್ಲಿ ಕಾಯೋರೂ ಇಂಗೇ ಕಾಣ್ತಾರೆ ಬುಡಪ್ಪ," ಎಂದು ನಕ್ಕ.

ಆಗ ನಾನು ಎದುರು ಬದಿಯ ಒಂದು ವೀರಗಲ್ಲಿನ ಬಳಿಗೆ ಕರೆದುಕೊಂಡು ಹೋದೆ. ವರ್ಷಗಟ್ಟಲೆ ಅದರ ಧೂಳು ಒರೆಸಿದ್ದೇನೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಊರಿನ ದನಗಳನ್ನು ಹೊಡೆದುಕೊಂಡು ಹೋಗುವವರ ಎದುರು ಒಬ್ಬನೇ ಹುಡುಗ ಕತ್ತಿ ಹಿಡಿದಿದ್ದಾನೆ, ಮೈಗೆ ಬಾಣಗಳು ನೆಟ್ಟಿವೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲೆ ಶಿವಲಿಂಗದ ಎದುರು ಅವನು ಕೈಮುಗಿದು ಕೂತಿದ್ದಾನೆ. ಪಟ್ಟಿಕೆಗಳ ನಡುವೆ ಹಳೆಯ ಬರಹ.

"ಇವ್ನಿಗೂ ನಿನ್ನಷ್ಟೇ ವಯಸ್ಸಿದ್ದಿರ್ಬೇಕು," ಎಂದೆ. "ಅರಸನ ಬಿರುದು ನೋಡು, ಕಲ್ಲಿನ ತುಂಬ ಅದೇ ಅದೆ. ಸತ್ತೋನ ಹೆಸ್ರು ಒಂದೇ ಒಂದು ಕಡೆ. ಅದೂ ಸವೆದೋಗ್ಯದೆ."

ತಿರುಗಿ ನೋಡಿದಾಗ, ಗುಡಿಯ ಮುಂದೆ ಮಾಡುವಂತೆ, ಚಪ್ಪಲಿ ಕಳಚಿ ಪಕ್ಕಕ್ಕಿಟ್ಟಿದ್ದ. ಯಾರೂ ಹೇಳಿರಲಿಲ್ಲ. ಕಲ್ಲನ್ನು ಮುಟ್ಟಬಾರದೆಂಬ ಫಲಕ ಅಲ್ಲೇ ಇತ್ತು, ಮುಟ್ಟದಂತೆ ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ಅವನು ಆ ಹುಡುಗನ ಮುಖದ ಮೇಲೆ ಬೆರಳಿಟ್ಟ. ನಾನು ಬಾಗಿಲ ಕಡೆ ಕಣ್ಣಿಟ್ಟೆ.

"ಸವೆದಿರೋ ಕಡೆ ಏನು ಬರ್ದಿತ್ತಂತೆ?"

"ಇಂಥವನ ಮಗ ಇಂಥವನು ತುರುಗಳನ್ನ ಬಿಡಿಸಿ ಸ್ವರ್ಗಕ್ಕೆ ಹೋದ ಅಂತ."

"ಅಪ್ಪನ ಹೆಸ್ರೂ ಕೆತ್ತಿಸ್ತಿದ್ರಾ?"

"ಕೆತ್ತಿಸ್ತಿದ್ರು."

"ಮತ್ತಿನ್ನೇನಪ್ಪ! ನಂಗೊಂದು ಕಲ್ಲು ನೆಟ್ರೆ ನಿನ್ ಹೆಸ್ರೂ ಬತ್ತದೆ. ಬಿಟ್ಟಿ ಪ್ರಚಾರ ಕಣಪ್ಪ."

ತಮಾಷೆಗೇ ಹೇಳಿದ್ದು. ನನ್ನ ಹೆಗಲ ಮೇಲೆ ಕೈಯನ್ನೂ ಹಾಕಿದ.

ಆ ಕಲ್ಲು ಇಷ್ಟು ವರ್ಷ 'ಹೋಗಬೇಡ' ಎಂದು ಹೇಳುತ್ತಿದೆ ಎಂದೇ ನಾನು ತಿಳಿದಿದ್ದೆ. ಆದರೆ ಅದನ್ನು ಊರ ಬಾಗಿಲಿನಲ್ಲಿ ನೆಟ್ಟದ್ದು, ದನ ಕಾಯುವ ಹುಡುಗರು ಓಡಾಡುವ ದಾರಿಯಲ್ಲಿ ನೆಟ್ಟದ್ದು 'ನೀನೂ ಬಾ' ಎನ್ನುವುದಕ್ಕೆ. ಅರಸ ಮಣ್ಣಾದ, ರಾಜ್ಯ ಹೋಯಿತು, ಗಡಿ ಎಲ್ಲಿತ್ತೆಂದು ಹೇಳುವವರೂ ಇಲ್ಲ. ಸದರಿ ಕಲ್ಲು ಮಾತ್ರ ಇನ್ನೂ ಕರ್ತವ್ಯದ ಮೇಲೆ ಹಾಜರಿದೆ. ನನ್ನ ಮಗನನ್ನು ಅದರ ಮುಂದೆ ನಾನೇ ಹಾಜರುಪಡಿಸಿದೆನು.

ಮರುದಿನ ನಾನು ಇಡೀ ಹಜಾರವನ್ನು ಹುಡುಕಿದೆ. ಅಳುವ ಒಂದು ಮುಖ ಬೇಕಿತ್ತು ನನಗೆ. ಒಂದಾದರೂ ಸಿಕ್ಕಿದರೆ ಮಗನನ್ನು ಮತ್ತೆ ಕರೆತರಬಹುದೆಂಬ ಹುಚ್ಚು ಆಸೆ. ಪರದೇಶದ ಚಿತ್ರಪಟದಲ್ಲಿ ತಲೆಯ ಮೇಲೆ ಕೈಹೊತ್ತ ಹೆಂಗಸರಿದ್ದರು. ಆದರೆ ಅವರು ಸೋತ ಊರಿನವರು. ಗೆದ್ದವರ ಮನೆಯಲ್ಲಿ ಯಾರೂ ಅಳುವ ಹಾಗಿಲ್ಲ. ನಮ್ಮ ಕಲ್ಲುಗಳಲ್ಲಿ, ಗಂಡನೊಡನೆ ಬೆಂಕಿಗೆ ಬಿದ್ದ ಹೆಂಡತಿಗೆ ಮಾಸ್ತಿಕಲ್ಲು ಇದೆ, ಬಳೆ ತೊಟ್ಟ ಕೈ ಎತ್ತಿ ನಿಂತಿದ್ದಾಳೆ. ದನಗಳಿವೆ, ಕುದುರೆಯಿದೆ, ಚಾಮರ ಬೀಸುವವರಿದ್ದಾರೆ. ಹೆತ್ತವರು ಎಲ್ಲಿಯೂ ಇಲ್ಲ. ಶಿಲ್ಪಿಗೆ ಅಪ್ಪ ಇದ್ದಿರಲಿಲ್ಲವೇ? ಅವನಿಗೆ ಮಕ್ಕಳಿರಲಿಲ್ಲವೇ? ಕೆತ್ತಿದ್ದರೆ ಅರಸನ ಕೆಲಸ ಕೆಡುತ್ತಿತ್ತೇನೋ.

ಆದೇಶ ಬಂತು. ಹೊರಡುವ ದಿನ ನನ್ನ ಹೆಂಡತಿ ಕೋಡುಬಳೆಯ ಡಬ್ಬಿಯನ್ನು ಬ್ಯಾಗಿಗೆ ತುರುಕಿ, ಜಿಪ್ ಹಾಕಲಾಗದೆ ತೆಗೆದು, ಮತ್ತೆ ತುರುಕಿದಳು. ಸ್ಟೇಷನ್ನಿನಲ್ಲಿ ನಾನು ಮಗನ ಕೈ ಹಿಡಿದು, "ಈಗ್ಲೂ ಬೇಡ ಅನ್ನು, ಮನೆಗೋಗುಮಾ," ಎಂದೆ. ಜನರ ಎದುರು ಅಂದೆ. ಅವನಿಗೆ ನಾಚಿಕೆಯಾಗಿರಬೇಕು.

"ಅಪ್ಪ, ಎಲ್ರೂ ನೋಡ್ತಾವ್ರೆ. ಕೈ ಬುಡು," ಎಂದ. ಬಿಟ್ಟೆ.

ಈಗ ಅವನು ದೂರದಲ್ಲಿದ್ದಾನೆ. ಯಾವ ಜಾಗವೆಂದು ಅವನೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಫೋನು ಬಂದರೆ "ಊಟ ಆಯ್ತಾ" ಎನ್ನುತ್ತೇನೆ. ಸ್ಟೇಷನ್ನಿನಲ್ಲಿ ಅಳದ ಹೆಂಡತಿ ಈಗ ಕುಕ್ಕರಿನ ಸೀಟಿ ಕೂಗುವಾಗ ಅಳುತ್ತಾಳೆ, ನನಗೆ ಕೇಳಬಾರದೆಂದು.

ಮೊನ್ನೆ ಕಾಲೇಜು ಹುಡುಗರ ಗುಂಪೊಂದು ಬಂತು. ಗೈಡು ಆ ಕಲ್ಲಿನತ್ತ ಕೈ ತೋರಿಸುವಷ್ಟರಲ್ಲಿ ನಾನು ಓಡಿಹೋಗಿ ಅದಕ್ಕೆ ಅಡ್ಡ ನಿಂತೆ. ಯಾಕೆ ನಿಂತೆನೆಂದು ಕೇಳಿದರೆ ಲಿಖಿತ ಸಮಜಾಯಿಷಿ ಕೊಡಲು ನನ್ನಲ್ಲಿ ಏನೂ ಇಲ್ಲ. ಬೆನ್ನಿಗೆ ಕಲ್ಲು ತಣ್ಣಗೆ ತಾಗುತ್ತಿತ್ತು. ಎದುರಿಗೆ ಮೀಸೆ ಚಿಗುರುತ್ತಿರುವ ಮುಖಗಳು.

"ಯಜಮಾನ್ರೇ, ಒಸಿ ಸರೀರಿ. ಹುಡುಗ್ರು ನೋಡ್ಲಿ," ಎಂದ ಗೈಡು.

ಹಿಂದಿನಿಂದ ಯಾರೋ, "ಇವ್ರೂ ಒಂದು ವಿಗ್ರಹ ಏನ್ಲಾ?" ಎಂದ. ಎಲ್ಲರೂ ನಕ್ಕರು. ನಾನು ಸರಿದೆನು.

ಆದ ಕಾರಣ, ಮಾನ್ಯರೇ, ಈ ಬರಹದಲ್ಲಿ ಅಕ್ಷರದ ತಪ್ಪುಗಳು ಕಂಡುಬಂದಲ್ಲಿ ದಯಮಾಡಿ ತಿದ್ದಿಕೊಳ್ಳುವುದು. ಕಲ್ಲುಗಳ ವಿಷಯದಲ್ಲಿ ನಾನು ತಪ್ಪಿದ್ದರೆ ಅದನ್ನೂ ತಿದ್ದಬೇಕು. ಈ ನಾಡಿನ ಯಾವುದಾದರೂ ಊರಿನ ಬಾಗಿಲಿನಲ್ಲಿ, ಯಾವುದಾದರೂ ಕಲ್ಲಿನ ಮೂಲೆಯಲ್ಲಿ, ಮಗನ ಕೈ ಹಿಡಿದು ಎಳೆಯುವ ಒಬ್ಬ ಅಪ್ಪನನ್ನು ಕೆತ್ತಿರುವುದು ತಮ್ಮ ಗಮನಕ್ಕೆ ಬಂದಿದ್ದಲ್ಲಿ, ನಾನು ಬರೆದದ್ದು ತಪ್ಪೆಂದು ದಯವಿಟ್ಟು ತಿಳಿಸಿ.