ಟೋಪಿ ತೆಗೆಯದ ಚೆಂಚೊ

ನಮ್ಮ ಗುವಾಯ್ಮಾಸ್‌ನ ಬೇಸ್‌ಬಾಲ್ ತಂಡದಲ್ಲಿ ಮೂವತ್ತೊಂದು ವರ್ಷ ಇದ್ದ ಕ್ರೆಸೆನ್ಸಿಯೊ, ಅಂದರೆ ನಮ್ಮ ಚೆಂಚೊ, ಒಂದೇ ಒಂದು ಪಂದ್ಯವನ್ನೂ ಆಡಿದವನಲ್ಲ. ಯಾವ ದಾಖಲೆ ತೆಗೆದು ನೋಡಿದರೂ ಅವನ ಹೆಸರು ಸಿಕ್ಕುವುದಿಲ್ಲ. ಆದರೆ ಬಂದರಿನ ಕಡೆ ಹೋಗಿ ಚೆಂಚೊ ಅಂದರೆ ಸೀಗಡಿ ಸುಲಿಯುವ ಹೆಂಗಸರೂ ತಿರುಗಿ ನೋಡುತ್ತಿದ್ದರು. ತಂಡದ ಬಸ್ಸು ಓಡಿಸುವ ನನ್ನ, ಈ ಉಬಾಲ್ದೊನ, ಹೆಸರು ಮಾತ್ರ ಆ ದಾಖಲೆಯಲ್ಲಿ ಎರಡು ವರ್ಷದ ಮಟ್ಟಿಗೆ ಇದೆ. ಅದರ ಮಾತು ಆಮೇಲೆ ಹೇಳುತ್ತೇನೆ.

ಮೈದಾನದ ಎಡ ಮೂಲೆಯಲ್ಲಿ ತಂತಿ ಬೇಲಿಯ ಪಕ್ಕ ಒಂದು ಜಾಗವಿದೆ. ಚೆಂಡೆಸೆಯುವ ಪಿಚರ್‌ಗಳು ಆಟಕ್ಕೆ ಇಳಿಯುವ ಮುಂಚೆ ಕೈ ಬಿಸಿ ಮಾಡಿಕೊಳ್ಳುವುದು ಅಲ್ಲಿ. ನಾವು ಅದನ್ನು ದೊಡ್ಡಿ ಅನ್ನುತ್ತೇವೆ. ಚೆಂಚೊ ಅಲ್ಲಿ ಕುಕ್ಕರುಗಾಲಲ್ಲಿ ಕೂತು ಅವರು ಎಸೆದದ್ದನ್ನು ಹಿಡಿಯುತ್ತಿದ್ದ. ಅಷ್ಟೇ ಅವನ ಕೆಲಸ. ಹಿಡಿದು ಹಿಡಿದು ಅವನ ಎಡ ಅಂಗೈ ಬಲಗೈಗಿಂತ ಅರ್ಧ ಪಾಲು ದಪ್ಪ ಆಗಿತ್ತು. ಹೆಂಡತಿ ಎದುವಿಹೆಸ್ ಅದಕ್ಕೆ ಬಿಸಿ ಉಪ್ಪುನೀರು ಕೊಡುತ್ತ, ಈ ಕೈಗೊಂದು, ಆ ಕೈಗೊಂದು ಅಂತ ಎರಡು ಅಳತೆಯ ಉಂಗುರ ಮಾಡಿಸಬೇಕಿತ್ತು ನೋಡು ಅಂತ ರೇಗಿಸುತ್ತಿದ್ದಳು.

ನಮ್ಮ ಮೈದಾನದಲ್ಲಿ ದೊಡ್ಡಿಗೆ ಫೋನಿಲ್ಲ. ಮ್ಯಾನೇಜರ್ ದೂರದಿಂದ ಬಲಗೈ ಮುಟ್ಟಿ ತೋರಿಸಿದರೆ ಬಲಗೈ ಪಿಚರ್ ಏಳಬೇಕು, ಎಡಗೈ ಮುಟ್ಟಿದರೆ ಎಡಗೈಯವನು. ಅವನ ಕೈ ಬಿಸಿಯಾದ ಮೇಲೆ ಚೆಂಚೊ ಎದ್ದು ನಿಂತು ಟೋಪಿ ತೆಗೆದು ಮೇಲೆತ್ತುತ್ತಿದ್ದ. ಸಿದ್ಧ, ಕಳಿಸಬಹುದು ಅಂತ ಅರ್ಥ. ಟೋಪಿ ಮೇಲೆ ಹೋಗದೆ ಯಾರೂ ಒಳಗೆ ಹೋಗುತ್ತಿರಲಿಲ್ಲ. ಮೂರು ಸಾವಿರ ಜನ ಆ ಬೋಳು ತಲೆ ಕಾಣಿಸುವುದನ್ನೇ ಕಾಯುತ್ತಿದ್ದರು.

ಅವನ ಬಲ ಜೇಬಲ್ಲಿ ಯಾವಾಗಲೂ ಒಂದು ಹಿಡಿ ಒಣ ಬೀನ್ಸ್ ಕಾಳು. ಪಿಚರ್ ಹತ್ತು ಸಲ ಎಸೆದರೆ ಒಂದು ಕಾಳು ಎಡ ಜೇಬಿಗೆ. ಆಟ ಮುಗಿದ ಮೇಲೆ ಆ ಕಾಳನ್ನು ಒಂದೊಂದು ಹೆಸರು ಬರೆದ ತಂಬಾಕಿನ ಡಬ್ಬಿಗಳಿಗೆ ಹಾಕುತ್ತಿದ್ದ. ಹುಡುಗರು ನಗುತ್ತಿದ್ದರು. "ಚೆಂಚೊ ಮಾಮ, ಇವತ್ತು ಸಾರಿಗೆ ಸಾಕಾಗುವಷ್ಟು ಬಿತ್ತಾ?" ಅವನು ಮಾತ್ರ ಬಿಡಲಿಲ್ಲ. ಇದು ಯಾಕೆ ಅಂತ ಯಾರಿಗೂ ಹೇಳಲಿಲ್ಲ. ಯಾವ ವರ್ಷ ಶುರು ಮಾಡಿದ ಅನ್ನುವುದು ಮಾತ್ರ ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ನನ್ನ ಮೊಣಕೈ ಹೋದದ್ದು ಅದರ ಹಿಂದಿನ ವರ್ಷ.

ನಾನೂ ಪಿಚರ್ ಆಗಿದ್ದೆ. ಸೆಮಿಫೈನಲ್‌ನಲ್ಲಿ ಮೂರು ದಿನ ಸಾಲಾಗಿ ದೊಡ್ಡಿಯಲ್ಲಿ ಎದ್ದು ಎಸೆದು, ಕೂತು, ಮತ್ತೆ ಎದ್ದು ಎಸೆದೆ. ಮೂರು ದಿನವೂ ಒಳಗೆ ಕರೆಯಲಿಲ್ಲ. ಆಮೇಲೆ ಕುಲಿಯಾಕಾನ್‌ನಿಂದ ಹತ್ತು ಗಂಟೆ ಬಸ್ಸು. ಇಳಿದ ದಿನವೇ ನನ್ನನ್ನು ಎಬ್ಬಿಸಿದರು, ಚೆಂಚೊ ಟೋಪಿ ಎತ್ತಿದ, ನಾನು ಓಡಿಕೊಂಡು ಒಳಗೆ ಹೋದೆ. ನಾಲ್ಕನೇ ಎಸೆತಕ್ಕೆ ಮೊಣಕೈಯಲ್ಲಿ ಏನೋ ಕಿತ್ತುಬಂತು. ಆವತ್ತಿನಿಂದ ಈ ಕೈಯನ್ನು ಪೂರ್ತಿ ಚಾಚಲು ಆಗಿಲ್ಲ. ತಂಡದವರು ಪಾಪ ಅಂತ ಬಸ್ಸಿನ ಕೀಲಿ ಕೊಟ್ಟರು.

ಆ ಬಸ್ಸಿನ ಗೇರ್ ಕೋಲು ಮಾರು ದೂರ. ಚಳಿ ಇದ್ದರೆ ಮೊಣಕೈ ಬಿಗಿದುಕೊಂಡು ಅದು ನನಗೆ ಎಟುಕುತ್ತಿರಲಿಲ್ಲ. ನಾನು ಓಡಿಸಲು ಶುರು ಮಾಡಿದ ಮೊದಲ ದಿನವೇ ಚೆಂಚೊ ಬಂದು ನನ್ನ ಪಕ್ಕ ಬಾನೆಟ್ ಮೇಲೆ ಹಳೇ ಕಂಬಳಿ ಹಾಸಿ ಕೂತ. ನಾನು ಕ್ಲಚ್ ಒತ್ತಿ "ಮೂರು" ಅಂದರೆ ಅವನು ಮೂರಕ್ಕೆ ಹಾಕುತ್ತಿದ್ದ. ಇಪ್ಪತ್ತು ವರ್ಷ ಹೀಗೇ ನಡೆಯಿತು. ನಾವಿಬ್ಬರೂ ಲೋಕದ ಮಾತೆಲ್ಲ ಆಡಿದೆವು, ಆ ಒಂದು ದಿನದ ಮಾತು ಮಾತ್ರ ಆಡಲಿಲ್ಲ.

ಎಂಬತ್ತನಾಲ್ಕರ ಜನವರಿಯಲ್ಲಿ ನಮ್ಮ ತಂಡ ಫೈನಲ್ ತಲುಪಿತು. ಎದುರು ತೆಪಿಕ್. ಏಳು ಪಂದ್ಯದಲ್ಲಿ ನಾಲ್ಕು ಗೆದ್ದವರಿಗೆ ಕಪ್. ಮೊದಲೆರಡು ನಮ್ಮಲ್ಲಿ, ನಡುವಿನ ಮೂರು ಅವರಲ್ಲಿ, ಕೊನೆಯೆರಡು ಮತ್ತೆ ನಮ್ಮಲ್ಲಿ. ನಡುವೆ ಸಾವಿರ ಕಿಲೋಮೀಟರಿಗೂ ಮೇಲಿನ ರಸ್ತೆ. ಆಗ ನಮ್ಮ ಮ್ಯಾನೇಜರ್ ರೊಸೆಂಡೊ ಕಿಹಾದ. ಕೆಟ್ಟವನಲ್ಲ, ಆದರೆ ಅವನಿಗೆ ಒಂದು ನೋಟ್‌ಬುಕ್ಕಿನ ಹುಚ್ಚು. ಯಾರು ಯಾವ ದಿನ ಎಷ್ಟು ಚೆಂಡು ಎಸೆದ ಅಂತ ಬರೆದಿಡುತ್ತಿದ್ದ. ಆಟದೊಳಗೆ ಎಸೆದದ್ದು ಮಾತ್ರ. ದೊಡ್ಡಿಯಲ್ಲಿ ಎಸೆದದ್ದು ಅವನ ಲೆಕ್ಕಕ್ಕಿಲ್ಲ. ಅವನ ಮೇಲೆ ಮಾತ್ರ ತಪ್ಪು ಹೊರಿಸುವುದೂ ಸರಿಯಲ್ಲ, ನಮ್ಮ ಕಡೆ ಎಲ್ಲ ಮ್ಯಾನೇಜರುಗಳೂ ಹಾಗೆಯೇ ಮಾಡುತ್ತಿದ್ದರು. ಒಳಗೆ ಇಳಿಯದಿದ್ದವನು ವಿಶ್ರಾಂತಿಯಲ್ಲಿದ್ದ ಹಾಗೆ.

ಎಲಿಯಾಸರ್ ಯೊಕುಪಿಸಿಯೊ ಅಂತ ಇಪ್ಪತ್ತಮೂರರ ಒಬ್ಬ ಬಲಗೈ ಪಿಚರ್. ಸೀಗಡಿ ದೋಣಿಯಲ್ಲಿ ಬಲೆ ಎಳೆದು ಬೆಳೆದ ತೋಳು. ಎಸೆದರೆ ಚೆಂಡು ಸಿಡಿಯುತ್ತಿತ್ತು. ಬುಧವಾರ ಎರಡನೇ ಪಂದ್ಯವನ್ನು ಅವನೇ ಗೆಲ್ಲಿಸಿಕೊಟ್ಟ. ಆಮೇಲೆ ತೆಪಿಕ್‌ನಲ್ಲಿ ಶುಕ್ರವಾರ ಎಬ್ಬಿಸಿದರು, ಕಳಿಸಲಿಲ್ಲ. ಶನಿವಾರ ಎಬ್ಬಿಸಿದರು, ಕಳಿಸಲಿಲ್ಲ. ಭಾನುವಾರ ಒಂಬತ್ತು ಸರದಿಗೆ ಮುಗಿಯಬೇಕಾದ ಆಟ ಹನ್ನೆರಡನೇ ಸರದಿಗೆ ಎಳೆಯಿತು, ಅವನನ್ನು ಎರಡು ಸಲ ಎಬ್ಬಿಸಿ ಕೂರಿಸಿದರು. ನಾವು ಮೂರು ಸೋತು ಎರಡು ಗೆದ್ದು ಊರಿಗೆ ಹೊರಟೆವು.

ಬಸ್ಸಿನಲ್ಲಿ ಹಿಂದಿನ ಉದ್ದ ಸೀಟು ಮುಂದಿನ ಪಂದ್ಯ ಶುರು ಮಾಡುವ ಪಿಚರ್‌ಗೆ. ಅವನೊಬ್ಬನೇ ಕಾಲು ಚಾಚಿ ಮಲಗಬಹುದು. ಉಳಿದವರು ಮಡಚಿಕೊಂಡು ಕೂರಬೇಕು. ಎಲಿಯಾಸರ್‌ಗೆ ಸಿಕ್ಕಿದ್ದು ಗಾಜು ಮುಚ್ಚದ ಕಿಟಕಿ, ಅದೂ ಬಲಗಡೆ. ಮಜತ್ಲಾನ್ ದಾಟುವಾಗ ಟೈರ್ ಒಡೆದು ಎರಡು ಗಂಟೆ ಹೋಯಿತು. ಹಾಗೆ ಹದಿನೆಂಟು ಗಂಟೆ. ತೆಪಿಕ್‌ನವರೂ ಅದೇ ರಸ್ತೆಯಲ್ಲಿ ಬಂದರು, ಆದರೆ ಅವರದು ಒರಗುವ ಸೀಟಿನ ಹೊಸ ಬಸ್ಸು. ಕೈ ಬೀಸಿಕೊಂಡು ನಮ್ಮನ್ನು ದಾಟಿ ಹೋದರು. ನನಗೆ ಮೈ ಉರಿಯಿತು.

ಚೆಂಚೊ ತನ್ನ ಜಾಕೆಟ್ ಬಿಚ್ಚಿ ಆ ಕಿಟಕಿಗೆ ತುರುಕಿ ಬಂದ.

"ನಿನಗೆ ಚಳಿಯಾಗಲ್ವೇನೋ?" ಅಂದೆ.

"ನನ್ನ ಭುಜ ಯಾರಿಗೆ ಬೇಕು? ನೀನು ಗುಂಡಿ ನೋಡ್ಕೊಂಡು ಓಡ್ಸು. ಒಂದೊಂದು ಗುಂಡಿಗೂ ಆ ಹುಡುಗ ಕೈ ಹಿಡ್ಕೋತಾನೆ."

ಮಂಗಳವಾರ ಮಧ್ಯಾಹ್ನ ಆರನೇ ಪಂದ್ಯ ಗೆದ್ದೆವು. ಅವತ್ತೂ ಎಲಿಯಾಸರ್ ಎದ್ದ, ಎಸೆದ, ಕೂತ. ಬುಧವಾರ ಬೆಳಿಗ್ಗೆ ಕಿಹಾದ ಮೊಟ್ಟೆ, ಒಣಮಾಂಸ, ಗೋಧಿ ತೊರ್ತಿಯಾ ರೊಟ್ಟಿ ತಿನ್ನುತ್ತ ಕೂತಿದ್ದಾಗ ಚೆಂಚೊ ಹೋಗಿ ಒಂದು ಡಬ್ಬಿಯ ಕಾಳನ್ನು ಅವನ ತಟ್ಟೆಯ ಪಕ್ಕ ಸುರಿದ. ನಾನು ಅಲ್ಲೇ ಕಾಫಿ ಕುಡಿಯುತ್ತಿದ್ದೆ.

"ಏನಿದು?" ಅಂದ ಕಿಹಾದ.

"ಎಲಿಯಾಸರ್‌ದು. ಶುಕ್ರವಾರ ನಾಲ್ಕು, ಶನಿವಾರ ಐದು, ಭಾನುವಾರ ಆರು, ನಿನ್ನೆ ನಾಲ್ಕು. ಹತ್ತೊಂಬತ್ತು ಕಾಳು, ರೊಸೆಂಡೊ ಸಾಹೇಬ್ರೆ. ನೂರತೊಂಬತ್ತು ಸಲ ಎಸೆದಿದಾನೆ. ಮಧ್ಯ ಬಸ್ಸು ಬೇರೆ."

ಕಿಹಾದ ನೋಟ್‌ಬುಕ್ ತೆಗೆದ. "ಇಲ್ಲಿ ನೋಡು. ಹೋದ ಬುಧವಾರ ಎಸೆದಿದ್ದು. ಇವತ್ತಿಗೆ ಏಳು ದಿನ ಪೂರ್ತಿ ರೆಸ್ಟು. ತಂಡದಲ್ಲಿ ಇಷ್ಟು ಹೊಸ ಕೈ ಇನ್ನೊಂದಿಲ್ಲ."

"ಪುಸ್ತಕಕ್ಕೆ ರೆಸ್ಟು. ಕೈಗಲ್ಲ."

"ಚೆಂಚೊ, ನಿನ್ನ ಕೆಲಸ ಹಿಡಿಯೋದು. ಹಿಡಿ. ಈ ಕಾಳು ತಗೊಂಡೋಗಿ ಎದುವಿಹೆಸ್‌ಗೆ ಕೊಡು, ಬೇಯಿಸ್ತಾಳೆ."

ತಿಂಡಿಗೆ ಕೂತಿದ್ದ ತಂಡದವರೆಲ್ಲ ನಕ್ಕರು. ಚೆಂಚೊ ಒಂದೊಂದೇ ಕಾಳು ಆರಿಸಿ ಡಬ್ಬಿಗೆ ಹಾಕಿಕೊಂಡ. ಒಂದು ಮೇಜಿನ ಕೆಳಗೆ ಉರುಳಿತ್ತು, ಬಗ್ಗಿ ಅದನ್ನೂ ತೆಗೆದುಕೊಂಡ.

ನಮ್ಮ ಮೈದಾನದ ದೀಪ ಅರ್ಧ ಕೆಟ್ಟಿದ್ದರಿಂದ ಕೊನೆಯ ಪಂದ್ಯವೂ ಮೂರು ಗಂಟೆಗೆ ಶುರುವಾಯಿತು. ನಾನು ಯಾವಾಗಲೂ ಆಟ ನೋಡುವುದು ದೊಡ್ಡಿಯ ಬೇಲಿ ಪಕ್ಕ ಒಂದು ಬಕೆಟ್ ಬೋರಲು ಹಾಕಿಕೊಂಡು. ಎಂಟನೇ ಸರದಿಯಲ್ಲಿ ನಾವು ನಾಲ್ಕು, ಅವರು ಮೂರು. ಅವರಲ್ಲಿ ಒಬ್ಬ ಔಟಾಗಿದ್ದ, ಇಬ್ಬರು ಓಡಲು ತಯಾರಾಗಿ ನಿಂತಿದ್ದರು. ನಮ್ಮ ಪಿಚರ್ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟ. ಈ ಸರದಿಯಲ್ಲಿ ಇನ್ನಿಬ್ಬರು, ಕೊನೆಯ ಸರದಿಯಲ್ಲಿ ಮೂವರು, ಹೀಗೆ ಐದು ಜನರನ್ನು ಔಟ್ ಮಾಡಿದರೆ ಕಪ್ ನಮ್ಮದು. ಕಿಹಾದ ಎದ್ದು ಬಂದು ದೊಡ್ಡಿಯ ಕಡೆ ನೋಡಿ ಬಲಗೈ ಮುಟ್ಟಿಕೊಂಡ.

ಎಲಿಯಾಸರ್ ಆಗಲೇ ಎಸೆಯುತ್ತಿದ್ದ. ಚೆಂಚೊ ಹಿಡಿಯುತ್ತಿದ್ದ. ಗವಸಿನಲ್ಲಿ ಚೆಂಡು ಬಿದ್ದ ಸದ್ದು ನನಗೆ ಚೆನ್ನಾಗಿಯೇ ಕೇಳಿಸಿತು. ಎರಡು ಕಾಳಿನಷ್ಟು ಎಸೆದ ಮೇಲೆ ಎಲಿಯಾಸರ್ ಅಂದ, "ಸಾಕು ಮಾಮ, ಟೋಪಿ ತೆಗಿ."

ಚೆಂಚೊ ಕೂತೇ ಇದ್ದ.

"ಮಾಮ, ಟೋಪಿ!"

"ಕೈ ನೋಯ್ತಿದ್ಯೇನೋ?"

"ಇಲ್ಲ. ನನ್ನಾಣೆ ಇಲ್ಲ. ಚೆನ್ನಾಗಿದೆ."

"ಶುಕ್ರವಾರ ನಿನ್ನ ಚೆಂಡಿಗೆ ನನ್ನ ಅಂಗೈ ಉರೀತಿತ್ತು. ಇವತ್ತು ಬರೀ ಸದ್ದು. ಕೊನೇ ಎಂಟನ್ನ ನೀನು ಭುಜ ಇಳಿಸಿ ಎಸ್ದಿದೀಯ. ಮೊಣಕೈ ಉಳಿಸ್ಕೋತಾ ಇದೀಯ, ನಿನಗೇ ಗೊತ್ತಿಲ್ಲ."

"ಅಯ್ಯೋ, ಫೈನಲ್ ಕಣೋ ಮುದುಕ! ನಮ್ಮಪ್ಪ ದೋಣಿ ಬಿಟ್ಟು ಬಂದು ಅಲ್ಲಿ ಕೂತಿದಾನೆ! ಟೋಪಿ ತೆಗಿ!"

ಜನಕ್ಕೆ ಗೊತ್ತಾಗಿಬಿಟ್ಟಿತು. ಮೊದಲು ಎಡಗಡೆಯವರು, ಆಮೇಲೆ ಇಡೀ ಮೈದಾನ ಟೋಪಿ, ಟೋಪಿ ಅಂತ ಕೂಗತೊಡಗಿತು. ಕಿಹಾದ ಎರಡನೇ ಸಲ ಬಲಗೈ ಮುಟ್ಟಿದ. ಮೂರನೇ ಸಲ ಹೊಡೆದುಕೊಂಡ ಅಂತಲೇ ಹೇಳಬೇಕು. ಅಂಪೈರ್ ಗಡಿಯಾರ ತೋರಿಸಿದ. ಚೆಂಚೊ ಎದ್ದು ನಿಂತ. ನಾನು, ಸರಿ, ತೆಗೆಯುತ್ತಾನೆ ಅಂದುಕೊಂಡೆ. ನಿಜ ಹೇಳಬೇಕೆಂದರೆ, ತೆಗಿ ಮಾರಾಯ ಅಂತ ನನಗೂ ಅನಿಸುತ್ತಿತ್ತು. ಇಷ್ಟು ವರ್ಷಕ್ಕೆ ನನ್ನ ಬಸ್ಸಿಗೂ ಒಂದು ಕಪ್ ಹತ್ತಿದರೆ ಏನು ಕಡಿಮೆಯಾಗುತ್ತಿತ್ತು? ಅವನು ಎರಡೂ ಕೈಯಿಂದ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ನನ್ನ ಪಕ್ಕ ಬಂದು ನೆಲದ ಮೇಲೆ ಕೂತ. ನನ್ನ ಮುಖ ಮಾತ್ರ ನೋಡಲಿಲ್ಲ.

ಕಿಹಾದ ಕೊನೆಗೆ ಎಡಗೈ ಮುಟ್ಟಿದ. ಮೂವತ್ತೆಂಟು ವರ್ಷದ ತಿಬುರ್ಸಿಯೊ ಅರೆಬಿಸಿ ಕೈಯಲ್ಲೇ ಒಳಗೆ ಹೋದ. ಎರಡನೇ ಎಸೆತವನ್ನು ತೆಪಿಕ್‌ನವನು ಬೇಲಿಗೆ ಹೊಡೆದ. ಇಬ್ಬರೂ ಓಡಿ ಬಂದರು. ಐದು-ನಾಲ್ಕರಲ್ಲಿ ಸೋತೆವು.

ಆಮೇಲೆ ಆದದ್ದನ್ನು ಉದ್ದ ಮಾಡುವುದಿಲ್ಲ. ಜನ ಕಿತ್ತಳೆ ಸಿಪ್ಪೆ ಎಸೆದರು. ಎಲಿಯಾಸರ್ ಗವಸನ್ನು ಚೆಂಚೊನ ಕಾಲ ಬಳಿ ಬಿಸಾಕಿ ಅಳುತ್ತಾ ಹೋದ. ಕಿಹಾದ ಬಂದು ಜೋರಾಗಿ ಕೂಗುತ್ತಾನೆ ಅಂದುಕೊಂಡಿದ್ದೆ, ಅವನು ಮೆಲ್ಲಗೇ ಮಾತಾಡಿದ.

"ನಾಳೆಯಿಂದ ಬರಬೇಡ ಚೆಂಚೊ. ನಿನ್ನ ಟೋಪಿ ನಿನ್ನ ಮನೇಲೇ ಇರ್ಲಿ."

"ಆಯ್ತು," ಅಂದ ಚೆಂಚೊ.

ಎಲಿಯಾಸರ್ ಅದಾದ ಮೇಲೆ ಹನ್ನೊಂದು ವರ್ಷ ಆಡಿದ. ಅವತ್ತು ಎಸೆದಿದ್ದರೂ ಆಡುತ್ತಿದ್ದನೋ ಏನೋ, ಅದನ್ನು ಯಾರೂ ಹೇಳಲಾರರು. ಊರವರು ಆ ವಿಷಯಕ್ಕೆ ಈಗಲೂ ಕಾಫಿ ಅಂಗಡಿಯಲ್ಲಿ ಜಗಳ ಆಡುತ್ತಾರೆ. ನಾನು ಆ ಜಗಳಕ್ಕೆ ಹೋಗುವುದಿಲ್ಲ.

ಅವತ್ತು ಸಂಜೆ ಚೆಂಚೊನನ್ನು ಮನೆಗೆ ಬಿಡಲು ಖಾಲಿ ಬಸ್ಸು ತೆಗೆದೆ. ನಡೆದು ಹೋದರೆ ಜನ ಸುಮ್ಮನೆ ಬಿಡುತ್ತಿರಲಿಲ್ಲ. ನಲವತ್ತು ಸೀಟು ಖಾಲಿ ಇದ್ದರೂ ಅವನು ಬಾನೆಟ್ ಮೇಲೆಯೇ ಕೂತ. ಡಬ್ಬಿ ತೊಡೆಯ ಮೇಲಿತ್ತು. ಮಾರ್ಕೆಟ್ ದಾಟಿದ ಮೇಲೆ ಕೇಳಿಯೇಬಿಟ್ಟೆ.

"ಅವತ್ತು ನಂದು ಎಷ್ಟು ಕಾಳಾಗ್ತಿತ್ತು?"

ಯಾವತ್ತು ಅಂತ ಅವನು ಕೇಳಲಿಲ್ಲ.

"ಆಗ ಎಣಿಸ್ತಿರ್ಲಿಲ್ಲ, ಉಬಾಲ್ದೊ."

"ಅಂದ್ರೆ ಗೊತ್ತಿರ್ಲಿಲ್ಲ."

"ಗೊತ್ತಿತ್ತು," ಅಂದ. "ಎಣಿಸ್ಬೇಕಾಗಿರ್ಲಿಲ್ಲ. ದೊಡ್ಡೀಲಿ ನಿನ್ನ ಮೂರನೇ ಚೆಂಡಿಗೇ ಗೊತ್ತಾಯ್ತು. ಮ್ಯಾನೇಜರ್ ನೋಡ್ತಿದ್ದ, ಜನ ಕೂಗ್ತಿದ್ರು, ನೀನೂ ತೆಗಿ ತೆಗಿ ಅಂತಿದ್ದೆ. ತೆಗೆದೆ."

ಇಪ್ಪತ್ತು ವರ್ಷ ನಾನು ಅವನನ್ನು ಕ್ಷಮಿಸಿದ್ದೇನೆ ಅಂತಲೇ ತಿಳಿದಿದ್ದೆ. ಗೊತ್ತಿಲ್ಲದೆ ಮಾಡಿದ ಅಂತ ಕ್ಷಮಿಸಿದ್ದೆ. ಈಗ ಎಂಥ ಸಿಟ್ಟು ಬಂತೆಂದರೆ, ಬಸ್ಸು ನಿಲ್ಲಿಸಿ ಇವನನ್ನು ಕತ್ತು ಹಿಡಿದು ಇಳಿಸಬೇಕು ಅನಿಸಿತು. ಎರಡು ಬೀದಿ ಹಾಗೇ ಓಡಿಸಿದೆ. ಅವನು ಕ್ಷಮಿಸು ಅನ್ನಲಿಲ್ಲ. ಕಿವಿಯವರೆಗೆ ಎಳೆದುಕೊಂಡಿದ್ದ ಟೋಪಿ ಇನ್ನೂ ಹಾಗೇ ಇತ್ತು.

ಅವನ ಮನೆಗೆ ಹೋಗುವ ಏರು ಬಂತು. ಸಮುದ್ರದ ಗಾಳಿಗೆ ಮೊಣಕೈ ಬಿಗಿದುಕೊಂಡಿತ್ತು. ಎಂಜಿನ್ ಏದುಸಿರು ಬಿಡತೊಡಗಿತು. ನಾನೇ ಹಾಕುತ್ತೇನೆ ಅಂತ ಕೈ ಚಾಚಿದೆ, ಎಟುಕಲಿಲ್ಲ. ಚೆಂಚೊನ ಕೈ ಗೇರಿನ ಹತ್ತಿರವೇ ಇತ್ತು, ಆದರೆ ನಾನು ಹೇಳದೆ ಅವನು ಮುಟ್ಟಲಿಲ್ಲ. ಬಸ್ಸು ಇನ್ನೇನು ಹಿಂದಕ್ಕೆ ಜಾರಬೇಕು.

ಕ್ಲಚ್ ಒತ್ತಿದೆ. "ಎರಡು," ಅಂದೆ.

ಅವನು ಎರಡಕ್ಕೆ ಹಾಕಿದ.