ಆಚೆ ಓಣಿಯಲ್ಲಿ ನನ್ನ ಕುರ್ಚಿ

ಈ ಮಾತನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ. ಅವಳು ಹೋಗಿ ನಾಲ್ಕು ವರ್ಷವಾಯಿತು. ಈಗ ನಾನು ನಾಶಿಕದಲ್ಲಿ ಮಗನ ಮನೆಯಲ್ಲಿದ್ದೇನೆ. ಮೊಮ್ಮಕ್ಕಳಿಗೆ ನನ್ನ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಹೆದರದೆ ಬರೆಯುತ್ತಿದ್ದೇನೆ ಎಂದರೂ ಸುಳ್ಳಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳವು. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರನ್ನು ಆಗ ಔರಂಗಾಬಾದ್ ಎನ್ನುತ್ತಿದ್ದೆವು. ಅಲ್ಲಿ ಒಂದು ಲಾರಿ ಆಫೀಸಿನಲ್ಲಿ ನಾನು ಬುಕಿಂಗ್ ಗುಮಾಸ್ತ. ಬೀದರ ಕಡೆಯವನು, ಮ್ಯಾಟ್ರಿಕ್ ಮುಗಿಸಿ ಹೊಟ್ಟೆಪಾಡಿಗೆ ಬಂದವನು. ನಮ್ಮ ಹಿಂದೂ ಓಣಿಗೂ ಪಕ್ಕದ ಮುಸಲ್ಮಾನರ ಓಣಿಗೂ ನಡುವೆ ಇದ್ದದ್ದು ಒಂದು ತೆರೆದ ಗಟಾರ. ಊರಲ್ಲಿ ಎಲ್ಲೋ ಗಲಾಟೆಯಾದರೆ ಸಾಕು, ಗಟಾರದ ಎರಡೂ ಕಡೆ ಬಾಗಿಲುಗಳು ಮುಚ್ಚುತ್ತಿದ್ದವು, ಹುಡುಗರು ಮಾಳಿಗೆ ಹತ್ತುತ್ತಿದ್ದರು.

ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಮಾಸ್ತರರಿದ್ದರು. ಎಲ್ಲರೂ ಅವರನ್ನು ಗುರೂಜಿ ಎನ್ನುತ್ತಿದ್ದರು. ಅವರೇ ಒಂದು ಉಪಾಯ ತೆಗೆದರು. ಊರು ಬಿಸಿಯಾದ ದಿನಗಳಲ್ಲಿ ಆ ಓಣಿಯ ಒಬ್ಬ ಹಿರಿಯ ನಮ್ಮ ಓಣಿಯ ಬಾಯಲ್ಲಿ ಕುರ್ಚಿ ಹಾಕಿಕೊಂಡು ಕೂರಬೇಕು, ನಮ್ಮವನೊಬ್ಬ ಅವರ ಓಣಿಯಲ್ಲಿ. ಬೆಳಗಿನಿಂದ ದೀಪ ಹಚ್ಚುವವರೆಗೆ. ತಮ್ಮ ಮನುಷ್ಯ ಆಚೆ ಕೂತಿರುವಾಗ ಯಾರು ಮೊದಲ ಕಲ್ಲು ಎತ್ತುತ್ತಾರೆ?

ಅವರ ಕಡೆಯಿಂದ ಒಬ್ಬ ದರ್ಜಿ ಬಂದರು. ಐವತ್ತು ದಾಟಿದವರು, ಹುಮನಾಬಾದದಲ್ಲಿ ಹುಟ್ಟಿದವರು, ನನಗಿಂತ ಚೆಂದ ಕನ್ನಡ ಮಾತಾಡುವವರು. ಅದನ್ನು ತಿಳಿದು ಗುರೂಜಿ ನನ್ನನ್ನೇ ಆರಿಸಿದರು. ಒಂದೇ ಕಡೆಯ ಇಬ್ಬರು ಸಿಕ್ಕರು ಎಂದು ಅವರಿಗೆ ಸಂತೋಷ. ಬೇರೆ ಯಾರಿಗೂ ಆ ಸಂತೋಷ ಇರಲಿಲ್ಲ. ನಾವಿಬ್ಬರೂ ಗಟಾರದ ಬಳಿ ನಿಂತು ಎರಡು ಮಾತಾಡಿದರೆ ಎರಡೂ ಕಡೆಯ ಜನ ಸುಮ್ಮನಾಗಿ ನಮ್ಮ ಬಾಯಿ ನೋಡುತ್ತಿದ್ದರು. ನಮ್ಮ ಓಣಿಯ ಹುಡುಗರು ಸಂಜೆ ನನ್ನನ್ನು ತಡೆದು, "ಕಾಕಾ, ತುಮ್ಹೀ ದೋಘೇ ಕಾಯ್ ಬೋಲತಾ?" ಎನ್ನುತ್ತಿದ್ದರು. ಇಬ್ಬರೂ ಸೇರಿ ಏನು ಮಾತಾಡುತ್ತೀರಿ ಎಂದು. ಊರ ಜೋಳದ ವಿಷಯ ಎಂದರೆ ನಗುತ್ತಿದ್ದರು. ಆ ನಗು ನನಗೆ ಒಳ್ಳೆಯದೆನಿಸುತ್ತಿರಲಿಲ್ಲ.

ನನಗಾದರೂ ಆ ಓಣಿಯ ಮೇಲೆ ನಂಬಿಕೆ ಇತ್ತೇ? ಇರಲಿಲ್ಲ. ಕುರ್ಚಿಯನ್ನು ಗೋಡೆಗೆ ಒತ್ತಿ ಹಾಕಿಕೊಳ್ಳುತ್ತಿದ್ದೆ, ಬೆನ್ನ ಹಿಂದೆ ಯಾರೂ ಬರಬಾರದೆಂದು. ದರ್ಜಿಯ ಸೊಸೆ ಕಳಿಸುತ್ತಿದ್ದ ಚಹಾವನ್ನು ಯಾರೂ ನೋಡದಾಗ ಗಟಾರಕ್ಕೆ ಚೆಲ್ಲುತ್ತಿದ್ದೆ. ಯಾರೋ ನೋಡಿದ್ದರೆಂದು ಕಾಣುತ್ತದೆ. ಕೂರಲು ಶುರು ಮಾಡಿದ ಎರಡನೆಯ ದಿನ ಸಂಜೆ ದರ್ಜಿ ನಗುತ್ತಲೇ ಕೇಳಿದರು:

"ಏನ್ರೀ ಅಣ್ಣಾವ್ರ, ನಮ್ ಸೊಸಿ ಚಹಾ ಕಹಿ ಹತ್ಲತ್ತದೇನು?"

"ಛೇ ಛೇ, ಹಂಗೇನಿಲ್ರೀ. ನನಗ ಪಿತ್ತ."

"ಹೌದೇನು? ಗಟಾರಕ್ಕೂ ಪಿತ್ತ ಆಗ್ತದ ನೋಡ್ರಿ. ವಿಷಾ ಹಾಕೋದಿದ್ರ ಅಕಿ ಸಕ್ಕರಿ ಯಾಕ ದಂಡ ಮಾಡ್ತಿದ್ಳು? ಎಷ್ಟ್ ತುಟ್ಟಿ ಆಗ್ಯಾದ ಸಕ್ಕರಿ!"

ನಾನೂ ನಕ್ಕೆ. ಮನಸ್ಸಿನಲ್ಲಿ ಮಾತ್ರ, ಇವರು ನನ್ನ ಮೇಲೆ ಕಣ್ಣಿಟ್ಟಿದ್ದಾರೆ ಎಂದುಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಮೂವರು ಹಮಾಲರು ಚೀಲ ಹೊತ್ತು ಆ ಓಣಿಯೊಳಗೆ ಬಂದರು. ನಾನು ಮೊದಲು ಲಾಸಲಗಾಂವದ ಈರುಳ್ಳಿ ಪೇಟೆಯಲ್ಲಿ ನಾಲ್ಕು ವರ್ಷ ಲಾರಿಗೆ ಮಾಲು ತುಂಬಿಸಿದವನು. ಹಮಾಲನ ನಡಿಗೆ ನೋಡಿ ಚೀಲದಲ್ಲೇನಿದೆ ಎಂದು ಹೇಳಬಲ್ಲೆ. ಈರುಳ್ಳಿ ಚೀಲ ಹೆಗಲ ಮೇಲೆ ಮೈಚೆಲ್ಲಿ ಕೂರುತ್ತದೆ. ಇವು ಅರ್ಧ ಮಾತ್ರ ತುಂಬಿದ ಚೀಲಗಳು, ಆದರೂ ಹಮಾಲರ ಮೊಣಕಾಲು ಬಾಗುತ್ತಿದ್ದವು. ಮೂಲೆಗಳು ಚೂಪಾಗಿ ಉಬ್ಬಿದ್ದವು. ಇಳಿಸಿದಾಗ ಸದ್ದು ಬಂತು. ಕಲ್ಲು. ಆರು ಚೀಲ ಎಣಿಸಿದೆ. ಯಾರಿಗೂ ಹೇಳದೆ ಕುರ್ಚಿಯಿಂದೆದ್ದು ಗಟಾರ ದಾಟಿಬಿಟ್ಟೆ.

ನಮ್ಮ ಓಣಿಯ ಬಾಯಲ್ಲಿ ದರ್ಜಿ ಕುರ್ಚಿಯಲ್ಲಿ ಕೂತು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದರು. ನನ್ನನ್ನು ನೋಡಿ, "ಯಾಕ್ರೀ, ಹಿಂಗ ಲಗು ಬಂದ್ರಿ?" ಎಂದರು. ನಾನು ನಿಲ್ಲದೆ ಹುಡುಗರ ಬಳಿ ಹೋಗಿ ಮರಾಠಿಯಲ್ಲಿ ಹೇಳಿದೆ: ಅಲ್ಲಿ ಕಲ್ಲು ಇಳಿಸುತ್ತಿದ್ದಾರೆ, ಆರು ಚೀಲ.

ಹತ್ತು ಹನ್ನೆರಡು ಮಂದಿ ಕುರ್ಚಿಯನ್ನು ಸುತ್ತಿಕೊಂಡರು. ಒಬ್ಬ ದರ್ಜಿಯ ಕೊರಳಪಟ್ಟಿ ಹಿಡಿದು ಎಬ್ಬಿಸಿದ. ಕಲ್ಲು ಯಾಕೆ, ಯಾರಿಗೆ, ಹೇಳು ಎಂದು ಮರಾಠಿಯಲ್ಲಿ ಕೂಗಾಟ. ದರ್ಜಿಯ ಮರಾಠಿ ಅಷ್ಟಕ್ಕಷ್ಟೇ, ಗಾಬರಿಯಲ್ಲಿ ಇದ್ದದ್ದೂ ಹೋಯಿತು. ಅವರು ಜನರ ತಲೆಗಳ ಮೇಲಿಂದ ನನ್ನನ್ನು ಹುಡುಕಿ ಕನ್ನಡದಲ್ಲಿ ಕೂಗಿದರು:

"ಅಣ್ಣಾವ್ರ, ಹೇಳ್ರಿ ಇವ್ರಿಗಿ! ಗಟಾರದ ಕಲ್ಲು ಅವು. ನೀವೂ ಇದ್ರಲ್ರೀ ಅವತ್ತ!"

ನಾನು ಇದ್ದೆ. ಹಿಂದಿನ ವಾರ ಗುರೂಜಿಯ ಪಡಸಾಲೆಯಲ್ಲಿ ಕೂತು ಮಾತಾಗಿತ್ತು. ಗಟಾರ ಕಟ್ಟಿ ಮುಚ್ಚಿಸೋಣ, ಕಲ್ಲು ಅವರದು, ಸಿಮೆಂಟು ನಮ್ಮದು. ನಾನೂ ತಲೆ ಆಡಿಸಿದ್ದೆ. ಚೀಲ ಕಂಡಾಗ ಅದು ನೆನಪಾಗಲಿಲ್ಲ, ದೇವರಾಣೆ. ಆದರೆ ಅವರು ಕೂಗಿದ ಕ್ಷಣ ಎಲ್ಲ ನೆನಪಾಯಿತು.

ಕೊರಳಪಟ್ಟಿ ಹಿಡಿದವನು ನನ್ನ ಕಡೆ ತಿರುಗಿ, "ಕಾಯ್ ಮ್ಹಣತೋಯ್ ತೋ?" ಎಂದ. ಏನು ಹೇಳುತ್ತಿದ್ದಾನೆ ಅವನು?

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ದರ್ಜಿಯ ಮಾತನ್ನು ನಾನು ಎತ್ತಿ ಹೇಳಿದರೆ, ನೋಡಿ, ಇಬ್ಬರೂ ಒಂದೇ ಎನ್ನುತ್ತಾರೆ. ಸುಳ್ಳು ಸುದ್ದಿ ತಂದವನೂ ನಾನೇ ಆಗುತ್ತೇನೆ. ನನಗೆ ಅದೇ ಓಣಿಯಲ್ಲಿ ಬಾಡಿಗೆ ಮನೆ, ಅಲ್ಲೇ ಹೆಂಡತಿ ಮಕ್ಕಳು.

"ಕಾಹೀ ನಾಹೀ," ಎಂದೆ. ಏನೂ ಇಲ್ಲ.

ಹುಡುಗರು ದರ್ಜಿಯನ್ನು ತಳ್ಳಿದರು. ಹಿಂದಿದ್ದ ಕುರ್ಚಿಯ ಸಮೇತ ಗಟಾರದ ಅಂಚಿಗೆ ಬಿದ್ದರು, ಬಲಗೈ ಕೆಳಗೆ ಸಿಕ್ಕಿತು. ಮುರಿದ ಸದ್ದು ನನಗೆ ಕೇಳಿಸಿತು ಅಂತ ಈಗಲೂ ಅನಿಸುತ್ತದೆ, ನಾನು ದೂರದಲ್ಲಿದ್ದೆನಾದರೂ.

ಅಷ್ಟರಲ್ಲಿ ಗುರೂಜಿ ತಳ್ಳುಗಾಡಿಯ ಹಿಂದೆ ಬಂದರು. ಗಾಡಿಯಲ್ಲಿ ಎರಡು ಚೀಲ ಸಿಮೆಂಟು. ಇನ್ನೂ ಏನೂ ಕಾಣದೆ, ಖುಷಿಯಿಂದ, "ದಗಡ ಆಲೇ ಕಾ ರೇ?" ಎಂದು ಕೇಳಿದರು. ಕಲ್ಲು ಬಂದವೇನೋ ಎಂದು. ಹುಡುಗರು ಒಬ್ಬೊಬ್ಬರಾಗಿ ಹಿಂದೆ ಸರಿದರು. ದರ್ಜಿಯನ್ನು ಎಬ್ಬಿಸಲು ಗುರೂಜಿ ಒಬ್ಬರೇ ಬಗ್ಗಿದರು.

ರಾತ್ರಿಯೊಳಗೆ ಊರೇ ಉರಿಯುತ್ತದೆ ಎಂದುಕೊಂಡಿದ್ದೆ. ಉರಿಯಲಿಲ್ಲ. ದರ್ಜಿ ತಮ್ಮ ಓಣಿಯವರಿಗೆ, ಕಾಲು ಜಾರಿ ಬಿದ್ದೆ ಎಂದರಂತೆ. ನಾಲ್ಕನೆಯ ದಿನ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ನಮ್ಮ ಓಣಿಯಲ್ಲಿ ಮತ್ತೆ ಕೂತರು. ನಾನು ಮಂಡಿನೋವೆಂದು ಹೋಗಲಿಲ್ಲ. ನನ್ನ ಬದಲು ಗುರೂಜಿ ಹೋದರು. ನಾನು ಏನೂ ಇಲ್ಲ ಎಂದದ್ದನ್ನು ದರ್ಜಿ ಯಾರಿಗೂ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ? ಯಾವುದಕ್ಕೆ ಕಾಯುತ್ತಿದ್ದಾರೆ? ಗುರೂಜಿ ನಮಸ್ಕಾರ ಎಂದರೂ, ಇವರಿಗೆ ಗೊತ್ತಾಗಿದೆಯೇನೋ ಎಂದು ಅವರ ಮುಖವನ್ನೇ ನೋಡುತ್ತಿದ್ದೆ. ಎರಡು ತಿಂಗಳಲ್ಲಿ ಕೇಳಿಕೊಂಡು ನಾಶಿಕದ ಆಫೀಸಿಗೆ ವರ್ಗ ಮಾಡಿಸಿಕೊಂಡೆ.

ಹೊರಡುವ ದಿನ ದರ್ಜಿಯ ಅಂಗಡಿಗೆ ಹೋದೆ. ತಪ್ಪಾಯಿತು ಎನ್ನಬೇಕೆಂದೇ ಹೋಗಿದ್ದೆ. ಮಗ ಮಶಿನ್ ತುಳಿಯುತ್ತಿದ್ದ, ನಾಲ್ಕು ಗಿರಾಕಿಗಳು ಬೆಂಚಿನ ಮೇಲಿದ್ದರು. ಪ್ಲಾಸ್ಟರ್ ಬಿಚ್ಚಿದ್ದರೂ ಅವರ ಬಲಗೈ ಬೆರಳುಗಳು ಕತ್ತರಿ ಹಿಡಿಯುತ್ತಿರಲಿಲ್ಲ.

"ಆಯಿಯೇ ಭಾಯಿ, ಬೈಠಿಯೇ," ಎಂದರು. ನನ್ನೊಂದಿಗೆ ಅವರು ಹಿಂದಿಯಲ್ಲಿ ಮಾತಾಡಿದ್ದು ಅದೇ ಮೊದಲು.

"ನಾ ಇವತ್ತ ನಾಶಿಕಕ್ಕ ಹೊಂಟೀನ್ರಿ," ಎಂದೆ. "ಅವತ್ತ ನನ್ನಿಂದ..."

ಅವರು ಎಡಗೈ ಎತ್ತಿದರು. "ಹಿಂದೀ ಮೇ ಬೋಲೋ ಭಾಯಿ. ಸಬ್‌ಕೋ ಸಮಝ್ ಮೇ ಆನಾ."

ಎಲ್ಲರಿಗೂ ತಿಳಿಯಬೇಕು, ಹಿಂದಿಯಲ್ಲಿ ಹೇಳು ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಮಶಿನ್ ನಿಂತಿತು, ಮಗ ತಲೆ ಎತ್ತಿದ. ಬೆಂಚಿನ ಮೇಲಿದ್ದವರೂ ನನ್ನನ್ನೇ ನೋಡಿದರು. ನನಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಲಾರಿಗೆ ಹೊತ್ತಾಯಿತು ಎಂದಷ್ಟೇ ಹಿಂದಿಯಲ್ಲಿ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಇಳಿದು ಬಂದೆ.