ಅರದಣ್ಣ ಮತ್ತು ಮೂರನೇ ನಂಬರ್ ಎಂಜಿನ್ನು

ಅರದಣ್ಣ ಗರಗಸಗಳ ಹಲ್ಲು ಹರಿತ ಮಾಡುತ್ತಿದ್ದವನು. ಅರಗಳ ಕೈಚೀಲ ಹಿಡಿದು ಒಂದು ಮರದ ಮಿಲ್ಲಿನಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಓಡಾಡುತ್ತಿದ್ದ. ಗರಗಸವನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಕೂತರೆ ಊಟದ ಹೊತ್ತಿನವರೆಗೆ ತಲೆ ಎತ್ತುತ್ತಿರಲಿಲ್ಲ. ಅರ ಹಿಡಿದವನಿಗೆ ಅರದಣ್ಣ ಎಂಬ ಹೆಸರು ಬಿತ್ತು, ಅದೇ ಉಳಿಯಿತು. ಹೋದ ತಿಂಗಳು ಅವನು ತೀರಿಕೊಂಡಾಗ ಆಸ್ಪತ್ರೆಯ ಚೀಟಿಯಲ್ಲಿದ್ದ ಅಸಲಿ ಹೆಸರು ನೋಡಿ ಗೆಳೆಯರೆಲ್ಲ ಇದು ಬೇರೆ ಯಾರದೋ ಚೀಟಿ ಎಂದುಕೊಂಡರು. ಬೇರೆಯವರದೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಅವನ ಮಾವ, ಎಂಬತ್ತೇಳರ ಮುದುಕರು, ಹಾಸಿಗೆಯ ಪಕ್ಕ ನಿಂತು, "ಎಲ್ಲಾದಕ್ಕೂ ನಿಧಾನ ಮಾಡ್ತಿದ್ದ ಮನುಷ್ಯ, ಇದಕ್ಕೆ ಮಾತ್ರ ಏನಪ್ಪಾ ಅವಸರ" ಅಂದರು.

ಅವನ ಇನ್ನೊಂದು ಕಸುಬು ಶುರುವಾದದ್ದು ಒಂದು ಊಟದ ಹೊತ್ತಿನಲ್ಲಿ. ಯಾವುದೋ ಮಿಲ್ಲಿನ ಹಿತ್ತಲಲ್ಲಿ ಗರಗಸದ ಹೊಟ್ಟಿನ ಗುಡ್ಡೆಗೆ ಒರಗಿ ಕೂತಿದ್ದವನ ಬೆನ್ನಿಗೆ ಏನೋ ಗಟ್ಟಿಯಾಗಿ ಒತ್ತಿತು. ಕೈಯಿಂದಲೇ ಹೊಟ್ಟು ಸರಿಸಿದ. ಮೊದಲು ಒಂದು ಚಿಮಣಿ, ಆಮೇಲೆ ಹೊಟ್ಟೆ, ಆಮೇಲೆ ಚಕ್ರ. ಕಾಡಿನಿಂದ ದಿಮ್ಮಿ ಎಳೆಯುತ್ತಿದ್ದ ಪುಟ್ಟ ಉಗಿ ಎಂಜಿನ್ನು, ಮಲಗಿದ ಎಮ್ಮೆಯ ಹಾಗೆ ಒಳಗಿತ್ತು. ಅವತ್ತು ಅವನ ಬುತ್ತಿಯನ್ನು ಮಿಲ್ಲಿನ ನಾಯಿ ತಿಂದಿತು. ಅಲ್ಲಿಂದ ಹದಿನೈದು ವರ್ಷಗಳಲ್ಲಿ ಅಂಥ ಐದು ಎಂಜಿನ್ನುಗಳನ್ನು ಹುಡುಕಿ ತೆಗೆದು, ಹಾಳುಬಿದ್ದ ಮಿಲ್ಲೊಂದರ ಶೆಡ್ಡಿನಲ್ಲಿ ತಂದಿಟ್ಟ. ಒಂದು ಶಾಲೆಯ ಮೈದಾನದಲ್ಲಿ ಮಕ್ಕಳು ಜಾರುವ ಬಂಡೆಯಾಗಿತ್ತು. ಇನ್ನೊಂದರ ನೀರಿನ ತೊಟ್ಟಿಯಲ್ಲಿ ಒಬ್ಬಾತ ಕೋಳಿ ಸಾಕಿಕೊಂಡಿದ್ದ.

"ಮನೇಲಿ ಒಂದು ಬಲ್ಬ್ ಬದಲಾಯಿಸೋಕೆ ಮೂರು ತಿಂಗಳು ಬೇಕು. ಹನ್ನೆರಡು ಟನ್ ಕಬ್ಬಿಣ ಎತ್ತೋಕೆ ಮೂರೇ ದಿನ" ಎಂದು ಹೆಂಡತಿ ಹೊಲಿಗೆ ಯಂತ್ರ ತುಳಿಯುತ್ತಲೇ ಹೇಳುತ್ತಿದ್ದಳು. ಅವಳೇ ಅವನ ಮಸಿ ಹಿಡಿದ ಅಂಗಿಗಳಿಗೆ ಮೊಣಕೈ ಪಟ್ಟಿ ಹೊಲಿದು ಕೊಡುತ್ತಿದ್ದವಳೂ ಹೌದು.

ಐದು ಸಿಕ್ಕರೂ ಮಾವನ ಬಾಯಲ್ಲಿ ಒಂದು ಒಳ್ಳೆಯ ಮಾತು ಬರಲಿಲ್ಲ. ಮಾವ ದಿಮ್ಮಿ ರೈಲಿನ ಡ್ರೈವರ್ ಆಗಿದ್ದವರು. ಅವರ ದಾರಿಯಲ್ಲಿ ಮೂರು ಎಂಜಿನ್ನುಗಳಿದ್ದವು. ಮೂರೂ ಒಂದೇ ಕಾರ್ಖಾನೆಯವು. ಮುಂಭಾಗದ ಹಿತ್ತಾಳೆ ಫಲಕದ ಮೇಲಿನ ಅಂಕಿ ಒಂದನ್ನು ಬಿಟ್ಟರೆ ಹೆತ್ತ ತಾಯಿಗೂ ಗುರುತು ಸಿಗದಷ್ಟು ಒಂದೇ ತೆರ. ಮಾವನದು ಮೂರನೇ ನಂಬರು. ಒಂದನೇ ನಂಬರಿನವನನ್ನು ಎಲ್ಲರೂ ಸೀಟಿ ಅನ್ನುತ್ತಿದ್ದರು. ಬಾಯಲ್ಲಿ ಸದಾ ಸೀಟಿ ಹಾಕುವ ಚಾಳಿ ಅವನದು.

ಆ ರೈಲು ದಾರಿ ಮುಚ್ಚುವ ಹಿಂದಿನ ವರ್ಷ, ದೊಡ್ಡ ಏರಿನಲ್ಲಿ, ಮೂರನೇ ನಂಬರು ಹದಿನಾಲ್ಕು ದಿಮ್ಮಿ ಹೊತ್ತು ಉಸಿರು ಕಟ್ಟಿ ನಿಂತುಬಿಟ್ಟಿತು. ಹಿಂದೆ ಬಂದ ಒಂದನೇ ನಂಬರು ಅದನ್ನು ಎದೆ ಕೊಟ್ಟು ತುದಿಯವರೆಗೂ ತಳ್ಳಿತು. ತಳ್ಳಿದ್ದಕ್ಕೆ ಮಾವನಿಗೆ ಬೇಸರವಿರಲಿಲ್ಲ. ಅಷ್ಟೂ ದೂರ ಸೀಟಿ ಹಾಡಿನ ಮೇಲೆ ಹಾಡು ಸೀಟಿ ಹಾಕುತ್ತ ಬಂದನಲ್ಲ, ಅದಕ್ಕೆ. ಅಂದಿನಿಂದ ಅವನೊಡನೆ ಮಾತು ನಿಂತಿತು. ಮೂವತ್ತೆರಡು ವರ್ಷ.

"ನೀವು ಯಾವ್ಯಾವುದೋ ಕಬ್ಬಿಣ ತಂದು ನನಗೆ ತೋರಿಸ್ಬೇಡಿ ಅಳಿಯಂದ್ರೇ. ನಾನು ಹತ್ತಿದ್ರೆ ಮೂರನೇದನ್ನೇ ಹತ್ತೋದು. ಅಲ್ಲಿವರೆಗೂ ಶೆಡ್ಡಿಗೆ ಕಾಲಿಡಲ್ಲ" ಎಂಬುದು ಮಾವನ ಖಡಾಖಂಡಿತ ತೀರ್ಮಾನ. 'ಅಳಿಯಂದ್ರೇ' ಎಂಬಲ್ಲಿ ಮರ್ಯಾದೆಗಿಂತ ಖಾರವೇ ಜಾಸ್ತಿ. ಅರ ಉಜ್ಜುವವನಿಗೆ ಮಗಳನ್ನು ಕೊಟ್ಟೆನಲ್ಲ ಎಂಬ ಕೊರಗು ಅವರಿಗೆ ಇದ್ದೇ ಇತ್ತು. ಅರದಣ್ಣನೂ ಮನಸ್ಸಿನಲ್ಲೇ ಗಂಟು ಹಾಕಿಕೊಂಡ: ಮಾವ ಕೈಕಾಲು ಗಟ್ಟಿ ಇರುವಾಗಲೇ ಮೂರನೇ ನಂಬರನ್ನು ಹುಡುಕಬೇಕು, ಅವರ ಕೈಯಲ್ಲೇ ಓಡಿಸಬೇಕು.

ಸುಳಿವು ಸಿಕ್ಕಿದ್ದು ಒಬ್ಬ ಕಾವಲುಗಾರನಿಂದ. "ನಮ್ಮ ಮಿಲ್ಲಿನ ದಿಮ್ಮಿ ಕೊಳದಲ್ಲಿ ಬೇಸಿಗೇಲಿ ಒಂದು ಕೊಳವೆ ಮೇಲೆ ಬರುತ್ತೆ, ಅದರ ಮೇಲೆ ಕೊಕ್ಕರೆ ಕೂರುತ್ತೆ" ಅಂದ ಅವನು. ಹಿಂದೆಂದೋ ಕೊಳದ ದಂಡೆ ಒಡೆದಾಗ ಕಲ್ಲು ಸಾಲದೆ ಎಂಜಿನ್ನನ್ನೇ ಒಳಕ್ಕೆ ಉರುಳಿಸಿದ್ದರಂತೆ. ಅರದಣ್ಣ ಸೊಂಟದ ಮಟ್ಟದ ಕೆಸರಿಗಿಳಿದು, ಕೈ ಆಡಿಸಿ, ಫಲಕ ಉಜ್ಜಿದ. ಮೂರು. ದಡಕ್ಕೆ ಬಂದು ಮನೆಗೆ ಫೋನ್ ಮಾಡಿದ.

"ಸಿಕ್ತು ಕಣೇ."

"ಏನು, ಕೊಡೆನಾ?" ಅಂದಳು ಹೆಂಡತಿ. ಆ ವಾರ ಅವನು ಎರಡನೇ ಕೊಡೆ ಕಳೆದುಕೊಂಡಿದ್ದ.

ಆ ಹಾಳು ಮಿಲ್ಲಿನ ಶೆಡ್ಡಿನಲ್ಲಿ ಅದನ್ನು ಬಿಚ್ಚಿ ಕಟ್ಟಲು ನಾಲ್ಕು ವರ್ಷ ಹಿಡಿಯಿತು. ಒಬ್ಬ ವೆಲ್ಡರು, ಒಬ್ಬ ಲಾರಿ ಡ್ರೈವರು, ಅರ್ಜಿ ಬರೆಯಲು ಒಬ್ಬ ಲೈಬ್ರರಿಯನ್ ಗೆಳೆಯ, ಇಷ್ಟೇ ಸೈನ್ಯ. ಅಂಗಳದಲ್ಲಿ ಇನ್ನೂರು ಹೆಜ್ಜೆ ಹಳಿ ಹಾಕಿದರು. ಅದರ ಕೊನೆಯಲ್ಲಿ ಶೆಡ್ಡಿಗೆ ಹತ್ತುವ ಒಂದು ಕಡಿದಾದ ಏರು. ಬಾಯ್ಲರ್ ಪರೀಕ್ಷಕರು ಬಂದು, ಎಲ್ಲ ಕುಟ್ಟಿ ನೋಡಿ, ಸಹಿ ಹಾಕಿದರು. ಇನ್ನೊಂದು ವಾರಕ್ಕೆ ಬೆಂಕಿ ಹಾಕುವುದೆಂದು ನಿಶ್ಚಯವಾಯಿತು. ಮಾವ ಹಳೆಯ ಟೋಪಿ ತೆಗೆದು ಬಿಸಿಲಿಗಿಟ್ಟರು.

ಆ ವಾರದ ಮೊದಲ ಬೆಳಿಗ್ಗೆ ಅರದಣ್ಣ ಎರಡು ಚಕ್ರಗಳನ್ನು ಕೂಡಿಸುವ ಬಲಗಡೆಯ ರಾಡಿನ ಹಳೆಯ ಗ್ರೀಸು ಕೆರೆಯುತ್ತಿದ್ದ. ಕಲ್ಲಿನಂತೆ ಗಟ್ಟಿಯಾದ ಗ್ರೀಸಿನಡಿಯಲ್ಲಿ ಅಚ್ಚು ಹೊಡೆದ ಒಂದು ಅಂಕಿ ಕಂಡಿತು. ಒಂದು.  ಮೂರು ವರ್ಷದ ಹಿಂದೆಯೇ ಎಡಗಡೆಯ ರಾಡಿನ ಮೇಲೂ ಒಂದು ಎಂಬ ಅಂಕಿ ನೋಡಿದ್ದ. ಅದು ಮೊದಲನೇ ರಾಡು ಅಂತ, ಅದಕ್ಕೇ ಒಂದು ಎಂದುಕೊಂಡು ಮುಂದೆ ಹೋಗಿದ್ದ. ಹಾಗಿದ್ದರೆ ಇದರ ಮೇಲೆ ಎರಡು ಇರಬೇಕಿತ್ತಲ್ಲ?

ಕಾರ್ಖಾನೆಯವರು ಹೊಡೆಯುವ ಅಂಕಿ ರಾಡಿನ ಲೆಕ್ಕವಲ್ಲ, ಎಂಜಿನ್ನಿನ ಗುರುತು. ಬಿಚ್ಚಿ ಜೋಡಿಸುವಾಗ ಒಂದರ ಭಾಗ ಇನ್ನೊಂದಕ್ಕೆ ಹೋಗದಿರಲಿ ಎಂದು ಎಲ್ಲ ಭಾಗದ ಮೇಲೂ ಹೊಡೆದಿರುತ್ತಾರೆ. ಅರದಣ್ಣ ಅರ ಹಿಡಿದು ಮಧ್ಯಾಹ್ನದವರೆಗೂ ಕೆರೆದ. ಚಕ್ರದ ತುದಿ, ಒಂದು. ಉಗಿ ಪೆಟ್ಟಿಗೆಯ ಮುಚ್ಚಳ, ಒಂದು. ಬಾಯ್ಲರಿನ ಕುತ್ತಿಗೆ, ಒಂದು. ಫಲಕ ಮಾತ್ರ ಮೂರು. ನಾಲ್ಕು ವರ್ಷ ಅವನು ಎಬ್ಬಿಸಿ ನಿಲ್ಲಿಸಿದ್ದು ಸೀಟಿಯ ಎಂಜಿನ್ನನ್ನು.

"ಹೇಳ್ಬೇಡಿ" ಅಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ. "ಎಂಬತ್ತೆರಡು ವರ್ಷದ ಮುದುಕರು. ಫಲಕದ ಮೇಲೆ ಮೂರು ಅಂತಿದೆ, ಅವರು ಅದನ್ನೇ ನೋಡೋದು. ಹತ್ತಲಿ, ಓಡಿಸಲಿ, ಖುಷಿಪಡಲಿ."

"ಫಲಕ ತಾನೇ ಸುಳ್ಳು ಹೇಳ್ತಿರೋದು."

"ಊರಲ್ಲಿ ಎಷ್ಟೋ ಫಲಕ ಸುಳ್ಳು ಹೇಳ್ತವೆ. ನಿಮ್ಮ ಸತ್ಯಕ್ಕೆ ನಮ್ಮಪ್ಪನೇ ಬೇಕಿತ್ತಾ?"

 ಹಲ್ಲು ಮೊಂಡಾದ ಗರಗಸಕ್ಕೆ ಎಣ್ಣೆ ಹಚ್ಚಿ ಹೊಳೆಯಿಸಿ ಕೊಟ್ಟವನಲ್ಲ ಅರದಣ್ಣ. ಆದರೆ ಹೇಳಿದರೆ ಮಾವ ಹತ್ತುವುದಿಲ್ಲ, ಹೇಳದಿದ್ದರೆ ತನಗೆ ಅವರ ಮುಖ ನೋಡಲಾಗುವುದಿಲ್ಲ. ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ಬೆಳಿಗ್ಗೆ ಮಾವ ಕನ್ನಡಿಯ ಮುಂದೆ ಮೀಸೆ ಕತ್ತರಿಸಿಕೊಳ್ಳುತ್ತಿದ್ದಾಗ ಹೋಗಿ ನಿಂತ.

"ಮಾವ, ಅದು ಮೂರನೇದಲ್ಲ. ಒಂದನೇದು."

ಮಾವನ ಕತ್ತರಿ ಮೀಸೆಯ ಮೇಲೇ ನಿಂತಿತು. ಅಂಕಿಗಳ ಕಥೆಯನ್ನೆಲ್ಲ ಅಳಿಯ ಹೇಳಿ ಮುಗಿಸಿದ. ಮಾವ ಕತ್ತರಿ ಕೆಳಗಿಟ್ಟು, ಟೋಪಿ ತೆಗೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರ ಮೀಸೆ ಎರಡು ದಿನ ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಉದ್ದ ಇತ್ತು.

"ಸಮಾಧಾನ ಆಯ್ತಾ?" ಅಂದಳು ಹೆಂಡತಿ.

ಎರಡನೇ ಸಂಜೆ ಮಾವ ಹೊರಗೆ ಬಂದು ಕೇಳಿದ್ದು ಒಂದೇ ಮಾತು. "ಆ ಸೀಟಿ ಬದುಕಿದಾನಾ?"

ಬದುಕಿದ್ದ. ಮರುದಿನ ಲಾರಿ ಡ್ರೈವರು ಅವನನ್ನು ಶೆಡ್ಡಿಗೇ ಕರೆತಂದ. ಊರುಗೋಲು, ಹಲ್ಲಿಲ್ಲದ ಬಾಯಿ. ಹಲ್ಲು ಹೋದಮೇಲೆ ಸೀಟಿಯೂ ಹೋಗಿತ್ತು. ಮಾವ ಅಂಗಳದಲ್ಲೇ ನಿಂತಿದ್ದರು, ಶೆಡ್ಡಿಗೆ ಬೆನ್ನು ಮಾಡಿ. ಮೂವತ್ತೆರಡು ವರ್ಷಗಳ ಮೇಲೆ ಆಡಿದ ಮೊದಲ ಮಾತು ಕುಶಲ ವಿಚಾರಣೆಯಲ್ಲ.

"ಫಲಕ ಯಾವಾಗ ಬದಲಾಯ್ತೋ?"

"ಅದಾ" ಅಂದ ಸೀಟಿ, ಒಂದು ದಿಮ್ಮಿಯ ಮೇಲೆ ಆರಾಮಾಗಿ ಕೂತು. "ಬಣ್ಣ ಹಚ್ಚೋಕೆ ಎರಡನ್ನೂ ಒಳಗೆ ನಿಲ್ಲಿಸಿದ್ರಲ್ಲ, ಆ ವಾರ. ನನ್ನ ಗಾಡಿ ಬಾಯ್ಲರ್ ಪರೀಕ್ಷೆಗೆ ಕೊಡಬೇಕಿತ್ತು. ಅದು ಪಾಸಾಗ್ತಿರಲಿಲ್ಲ, ಕೆಮ್ಮು ಹಿಡಿದಿತ್ತು. ನಿಂದು ಹಿಂದಿನ ತಿಂಗಳೇ ಪಾಸಾಗಿತ್ತು. ಮೇಸ್ತ್ರಿ ನಿಂದಕ್ಕೆ ಒಂದು ಅಂತ ಫಲಕ ಹಾಕಿ ಮತ್ತೊಮ್ಮೆ ತೋರಿಸಿಬಿಟ್ಟ. ಒಂದೇ ಗಾಡಿ ಎರಡು ಸಲ ಪಾಸು. ಆಮೇಲೆ ಫಲಕ ವಾಪಸ್ ಹಾಕೋಕೆ ಅವನಿಗೆ ನೆನಪಾಗಲಿಲ್ಲ."

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಮತ್ತೆ ಹೇಳೋಕೇನಾಗಿತ್ತು?"

"ಮೊದಲು ಹೇಳಿದ್ರೆ ನೀನು ಗಾಡಿ ವಾಪಸ್ ಕೇಳ್ತಿದ್ದೆ. ಆಮೇಲೆ ಹೇಳೋಣ ಅಂದ್ರೆ ನೀನು ಮಾತೇ ಬಿಟ್ಟೆ."

ವೆಲ್ಡರು ನಗು ತಡೆಯಲಾರದೆ ಶೆಡ್ಡಿನ ಹಿಂದಕ್ಕೆ ಹೋದ. ಮಾವ ಏನೋ ಎಣಿಸುತ್ತಿದ್ದರು, ತುಟಿ ಅಲುಗುತ್ತಿತ್ತು. "ಬಣ್ಣ ಹಚ್ಚಿದ್ದು ಆ ಏರಿನಲ್ಲಿ ನಿಂತದ್ದಕ್ಕಿಂತ ಮುಂಚೆ ಅಲ್ಲವಾ?"

"ಎರಡು ತಿಂಗಳು ಮುಂಚೆ."

"ಹಾಗಾದ್ರೆ ಅವತ್ತು ಉಸಿರು ಕಟ್ಟಿ ನಿಂತದ್ದು ನಿನ್ನ ಗಾಡಿ. ತಳ್ಳಿದ್ದು ನನ್ನ ಗಾಡಿ."

ಸೀಟಿ ಊರುಗೋಲು ನೆಲಕ್ಕೆ ಕುಟ್ಟಿದ. "ಗಾಡಿ ಎಲ್ಲಿ ತಳ್ಳುತ್ತಪ್ಪ, ಡ್ರೈವರ್ ತಳ್ಳೋದು."

"ಹೌದಾ? ಹಾಗಾದ್ರೆ ನೀನು ಕೊಟ್ಟ ಕೆಮ್ಮು ಹಿಡಿದ ಗಾಡೀಲಿ ಹದಿನಾಲ್ಕು ದಿಮ್ಮಿ ಅರ್ಧ ಏರು ಹತ್ತಿಸಿದ್ದು ಯಾರು? ನಿಮ್ಮಜ್ಜನಾ?"

ಅರದಣ್ಣ ಇಷ್ಟು ವರ್ಷಗಳಲ್ಲಿ ಮಾವನ ಮುಖದಲ್ಲಿ ಅಂಥ ಬೆಳಕು ನೋಡಿರಲಿಲ್ಲ. ಅವರು ತಿರುಗಿ, ಯಾರನ್ನೂ ಕೇಳದೆ, ಶೆಡ್ಡಿನೊಳಕ್ಕೆ ನಡೆದು ಎಂಜಿನ್ನಿನ ಸುತ್ತ ಒಂದು ಸುತ್ತು ಬಂದರು. "ಪಾಪ, ಇದನ್ನ ಅನ್ಯಾಯವಾಗಿ ಬೈದೆ" ಅಂದರು. "ಬೆಂಕಿ ಹಾಕೋದು ಯಾವಾಗ ಅಳಿಯಂದ್ರೇ?"

ಭಾನುವಾರ ಬೆಳಿಗ್ಗೆ ಹಾಕಿದರು. ಸೀಟಿ ಒಲೆಗೆ ಸೌದೆ ಕೊಡುವುದು, ಮಾವ ಹಿಡಿ ತಿರುಗಿಸುವುದು ಎಂದಾಯಿತು. ಇನ್ನೂರು ಹೆಜ್ಜೆಯನ್ನು ಎಂಜಿನ್ನು ಹೊಗೆಯುಗುಳುತ್ತ ಮೂರು ಸಲ ಹೋಗಿ ಬಂತು. ನಾಲ್ಕನೇ ಸಲ ಮಾವ ಅದನ್ನು ಶೆಡ್ಡಿನ ಏರಿಗೆ ತಿರುಗಿಸಿದರು. ಅರ್ಧ ದಾರಿಯಲ್ಲಿ ಚಕ್ರ ಜಾರಿ ಗಿರಗಿರ ಸುತ್ತಿತು. ಇಬ್ಬರು ಮುದುಕರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಂತುಬಿಟ್ಟರೆ ಮಾವನ ವಾದ ಗೆದ್ದಂತೆ, ಇದು ಸೀಟಿಯ ಸೋಮಾರಿ ಗಾಡಿಯೇ ಎಂದು ಜಗತ್ತಿಗೆ ರುಜುವಾತಾದಂತೆ. ಕೆಳಗೆ ಪಕ್ಕದಲ್ಲೇ ಓಡುತ್ತಿದ್ದ ಅರದಣ್ಣ ಇದನ್ನು ಬಲ್ಲ. ಮಾವನ ಎಡಗೈ ಮರಳು ಡಬ್ಬಿಯ ಸನ್ನೆಕೋಲಿಗೆ ಹೋಯಿತು. ಚಕ್ರದ ಮುಂದೆ ಹಳಿಯ ಮೇಲೆ ಮರಳು ಸುರಿಯಿತು. "ಸೌದೆ ಕೊಡೋ, ಮುಖ ಏನು ನೋಡ್ತೀಯ" ಎಂದು ಗದರಿದರು. ಚಕ್ರ ಹಳಿ ಕಚ್ಚಿತು. ಎಂಜಿನ್ನು ಮೇಲೆ ಬಂತು.

ಇಳಿದವರೇ ಕೇಳಿದರು. "ಮತ್ತೆ ನನ್ನದು ಎಲ್ಲಿದೆ?"

"ಲಾಂಡ್ರಿಯವರು ತಗೊಂಡ್ರಲ್ಲ" ಅಂದ ಸೀಟಿ, ಬೆವರು ಒರೆಸುತ್ತ. "ಪಟ್ಟಣದ ದೊಡ್ಡ ಲಾಂಡ್ರಿ. ಆಸ್ಪತ್ರೆ ಬಟ್ಟೆ ಒಗೀತಾರಲ್ಲ, ಅದು."

ಮರುದಿನ ಬೆಳಗಿನ ಬಸ್ಸಿಗೆ ಮಾವ, ಅಳಿಯ ಇಬ್ಬರೂ ಹೋದರು. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಚಕ್ರ ಬಿಚ್ಚಿ, ಹೊಟ್ಟೆಯ ಮಟ್ಟಕ್ಕೆ ಇಟ್ಟಿಗೆ ಕಟ್ಟಿ ಕೂರಿಸಿದ ಎಂಜಿನ್ನು, ಗೊರಗೊರ ಕುದಿಯುತ್ತಿತ್ತು. ಹಿತ್ತಾಳೆ ಫಲಕದ ಮೇಲೆ ಒಂದು ಎಂಬ ಅಂಕಿ ಫಳಫಳ ಹೊಳೆಯುತ್ತಿತ್ತು. ಅರದಣ್ಣ ಬಾಯ್ಲರಿನ ಕುತ್ತಿಗೆಯ ಮಸಿಯನ್ನು ಅರದಿಂದ ಕೆರೆದ. ಮೂರು. ಮಾವ ಬಿಸಿ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದರು. ಆಮೇಲೆ ಒಲೆ ನೋಡಿಕೊಳ್ಳುವ ಹೆಂಗಸಿಗೆ, "ನೀರು ಸ್ವಲ್ಪ ಜಾಸ್ತಿ ಬಿಡ್ತೀಯಮ್ಮ, ಇದಕ್ಕೆ ಮೊದಲಿಂದ್ಲೂ ಕಡಿಮೆ ನೀರೇ ಸಾಕು" ಅಂದರು.

"ಅದಕ್ಕೇ ಬೆಳಿಗ್ಗೆ ಹೊತ್ತು ನೀರು ಉಗುಳುತ್ತೆ ಅನ್ನಿ, ತಾತ" ಅಂದಳು ಅವಳು.

ಅರದಣ್ಣ ಆಗಲೇ ಬಾಗಿಲಿನ ಅಗಲಕ್ಕೆ ಟೇಪು ಹಿಡಿದಿದ್ದ. ಯಾವ ಗೋಡೆ ಒಡೆಯಬೇಕು, ಬದಲಿಗೆ ಯಾವ ಬಾಯ್ಲರು ತಂದು ಕೂರಿಸಬೇಕು, ಎಲ್ಲ ಅವನ ಕಣ್ಣ ಮುಂದೆ ಕಟ್ಟಿತ್ತು.

"ಟೇಪು ಒಳಗಿಡಪ್ಪ" ಅಂದರು ಮಾವ. ಅಳಿಯಂದ್ರೇ ಅನ್ನಲಿಲ್ಲ. "ಕೆಲಸದಲ್ಲಿ ಇರೋನನ್ನ ಎಬ್ಬಿಸಿಕೊಂಡು ಹೋಗಿ ಮೆರವಣಿಗೆ ಮಾಡಬಾರದು. ಫಲಕವೊಂದನ್ನ ಸರಿ ಮಾಡು, ಸಾಕು."

ಮುಂದಿನ ವಾರ ಅರದಣ್ಣ ಶೆಡ್ಡಿನ ಎಂಜಿನ್ನಿನಿಂದ ಮೂರು ಎಂಬ ಫಲಕವನ್ನು ಬಿಚ್ಚಿ ಅರಗಳ ಚೀಲದಲ್ಲೇ ಹಾಕಿಕೊಂಡು ಅದೇ ಬಸ್ಸು ಹತ್ತಿದ. ಎಂಟು ತಿರುಪು. ಏಳನ್ನು ಅವನು ಬಿಗಿದ. ಎಂಟನೆಯದನ್ನು ಮಾವ ಬಿಗಿದರು, ಮತ್ತೊಮ್ಮೆ ಸಡಿಲಿಸಿ, ನೇರ ಇದೆಯೇ ನೋಡಿ, ಮತ್ತೆ ಬಿಗಿದರು. ಬಸ್ಸು ತಪ್ಪಿತು. ಲಾಂಡ್ರಿಯ ಮೆಟ್ಟಿಲ ಮೇಲೆ ಕೂತು ಇಬ್ಬರೂ ಮುಂದಿನ ಬಸ್ಸಿಗೆ ಕಾದರು.